ತಂಬೂರಿಯ ಜವಾರಿ

ಪುಣೆಯಿಂದ ಧಾರವಾಡ-ಹುಬ್ಬಳ್ಳಿಗಳ ಕಡೆಗೆ ಗಾಡಿ ಹತ್ತುವ ನಮ್ಮ ಸಂಘದ ಬಂಧುಗಳಿಗೆ ಮಿರಜ ಹೊಸ ಊರಲ್ಲ. ಗಾಡಿ ಅಲ್ಲಿ ನಿಂತು, ಕನ್ನಡದ ಮಾತು ಕಿವಿಗೆ ಬಿದ್ದೊಡನೆ ‘ಊರು ಬಂದ ಹಾಗೆಯೇ’ ಎಂದು ಜೀವಕ್ಕೆ ಹಿತವಾಗುತ್ತದೆ. ಆದರೆ ಅಲ್ಲಿ ಇಳಿದು ಪೇಟೆಯೊಳಗೆ ನಡೆದವರು ನಮ್ಮಲ್ಲಿ ಕಡಮೆ. ನಾನೂ ನಾಲ್ವತ್ತು ವರ್ಷ ಚಹ ಕುಡಿದು ದಾಟಿಹೋದವನೇ. ತಾಯಿಯವರ ತಂಬೂರಿ ಕೆಟ್ಟು ಕುಳಿತದ್ದರಿಂದ ಒಮ್ಮೆ ಇಳಿಯಬೇಕಾಯಿತು.

ಮಿರಜದ ವಾದ್ಯಗಳ ಕಥೆ ಮೊದಲಾದದ್ದೇ ದುರಸ್ತಿಯಿಂದ. ಶಿಕಲಗಾರರೆಂದರೆ ಕತ್ತಿ ಕಠಾರಿಗಳಿಗೆ ಸಾಣೆ ಹಿಡಿಯುವವರು. ಇಂಗ್ರೇಜರ ಆಳಿಕೆ ಬೇರೂರಿ ಕತ್ತಿಗಳು ಗೋಡೆಯ ಗೂಟ ಸೇರಿದ ಮೇಲೆ ಅವರ ಸಾಣೆಗೆ ಕೆಲಸವಿಲ್ಲದಾಯಿತು. ಇತ್ತ ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿದ್ದ ಗವಾಯಿಗಳ ವಾದ್ಯ ಮುರಿದರೆ ತಿದ್ದಿಕೊಡುವವರು ಹತ್ತಿರದಲ್ಲಿ ಇರಲಿಲ್ಲ. ಸುಮಾರು 1850ರ ವೇಳೆಗೆ ಫರೀದಸಾಹೇಬ, ಮೊಹಿದ್ದೀನಸಾಹೇಬ ಎಂಬ ಶಿಕಲಗಾರ ಅಣ್ಣತಮ್ಮಂದಿರು ಈ ಕೆಲಸಕ್ಕೆ ಕೈಹಾಕಿದರೆಂದು ಆ ಮನೆತನದವರ ಹೇಳಿಕೆ. ತಿದ್ದುತ್ತ ತಿದ್ದುತ್ತ ಕಟ್ಟುವುದನ್ನೂ ಕಲಿತರು. ಮುಂದೆ ‘ಸತಾರಮೇಕರ’ ಎಂಬುದೇ ಅಡ್ಡಹೆಸರಾಯಿತು. ಅಲಗಿನ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅರಿಯುತ್ತಿದ್ದ ಬೆರಳುಗಳು ತಂಬೂರಿಗೆ ಬಂದದ್ದು ಸಂಗೀತದ ಪುಣ್ಯವೆನ್ನಬೇಕು.

ಬುರುಡೆಗೆ ಬೇಕಾದ ದೊಡ್ಡ ಕಹಿಸೋರೆ ಬೆಳೆಯುವುದು ಪಂಢರಪುರ, ಮಂಗಳವೇಢೆಯ ಕಡೆ. ಬಿಜ್ಜಳನ ಮಂಗಳವೇಢೆಯೇ ಅದು. ನಮ್ಮ ಚರಿತ್ರೆಯ ನೆಲ. ಒಣಗಿದ ಕಾಯನ್ನು ಕೊಯ್ದು, ನೀರಲ್ಲಿ ನೆನೆಯಿಟ್ಟು, ಒಳಗೆ ಕಡ್ಡಿಗಳ ಆಧಾರ ಕೊಟ್ಟು ಆಕಾರಕ್ಕೆ ತರುತ್ತಾರೆ. ಮೇಲೆ ಮರದ ಹಲಗೆ, ದಂಡಿ, ಬಿರಡೆ, ಅರಗು. ಇದೆಲ್ಲ ಬಡಗಿಯ ಕೆಲಸವೆಂದೇ ಹಿಡಿಯೋಣ. ವಿದ್ಯೆ ಇರುವುದು ತಂತಿಗಳು ಹಾಯುವ ಕುದುರೆಯಲ್ಲಿ.

ಗಿಟಾರಿನಲ್ಲಿ ತಂತಿ ಚೂಪಾದ ಏಣಿನ ಮೇಲೆ ಕೂಡುತ್ತದೆ. ತಂಬೂರಿಯ ಕುದುರೆಯ ಬೆನ್ನು ಅಗಲ, ಕಣ್ಣಿಗೆ ಕಾಣದಷ್ಟು ಇಳಿಜಾರು. ಮಿಡಿದ ತಂತಿ ಆ ಇಳಿಜಾರನ್ನು ಸವರುತ್ತ ಅದುರುವುದರಿಂದ ಒಂದೇ ಸ್ವರದೊಳಗಿಂದ ಅನೇಕ ಮೇಲುಸ್ವರಗಳು ಹೊರಡುತ್ತವೆ. ತಂತಿಯ ಅಡಿಗೆ ಒಂದು ಹತ್ತಿಯ ಎಳೆ ಸೇರಿಸಿ, ಹಿಂದೆ ಮುಂದೆ ಸರಿಸಿ, ಆ ಝೇಂಕಾರವನ್ನು ಹದಗೊಳಿಸುತ್ತಾರೆ. ತಂತಿಯ ಯಾವ ಬಿಂದುವನ್ನು ಮಿಡಿದರೆ ಯಾವ ಮೇಲುಸ್ವರ ಹುಟ್ಟಬಾರದೆಂದು ಪಾಶ್ಚಾತ್ಯ ವಿಜ್ಞಾನಿಗಳು ನಿಯಮ ಮಾಡಿದ್ದರೋ ಅದು ಇಲ್ಲಿ ಹುಟ್ಟುತ್ತದೆಂದು ಸಿ. ವಿ. ರಾಮನ್ನರು 1921ರಲ್ಲಿ ಲೇಖನ ಬರೆದು ತೋರಿಸಿದರು. ಇಳಿಜಾರನ್ನು ಅರದಿಂದ ತಿದ್ದುವ ಈ ಕೆಲಸಕ್ಕೆ ಮಿರಜದಲ್ಲಿ ಜವಾರಿ ಎನ್ನುತ್ತಾರೆ. (ನಮ್ಮ ಕಡೆ ಜವಾರಿ ಎಂದರೆ ನಾಟಿ, ಕೇಳಿದಾಗ ನನಗೆ ಮೊದಲು ನೆನಪಾದದ್ದು ಬದನೆಕಾಯಿ!) ದಕ್ಷಿಣದವರು ಆ ಹತ್ತಿಯ ಎಳೆಯನ್ನು ಜೀವಾಳವೆಂದರು. ತಂತಿ ತಿಕ್ಕಿ ತಿಕ್ಕಿ ಕುದುರೆಯಲ್ಲಿ ಗೀರು ಬೀಳುವುದರಿಂದ ಜವಾರಿಯನ್ನು ಮತ್ತೆ ಮತ್ತೆ ಮಾಡಿಸಲೇಬೇಕು.

ಉಸ್ತಾದ ಅಬ್ದುಲ್ ಕರೀಂ ಖಾನರು ಮಿರಜದಲ್ಲಿ ನೆಲೆಸಿದ್ದಕ್ಕೆ ಕಾರಣಗಳು ಹಲವು. ಆದರೆ ತಂಬೂರಿಯ ಶ್ರುತಿಗಾಗಿ ಪ್ರಾಣ ಬಿಡುತ್ತಿದ್ದ, ವಾದ್ಯಗಳನ್ನು ತಾವೇ ಬಿಚ್ಚಿ ತಿದ್ದಬಲ್ಲವರಾಗಿದ್ದ ಅವರಿಗೆ ಇದಕ್ಕಿಂತ ಒಪ್ಪುವ ಊರು ಇನ್ನಾವುದು? 1937ರಲ್ಲಿ ತೀರಿಕೊಂಡ ಅವರ ಗೋರಿ ಅಲ್ಲಿಯ ದರ್ಗಾದ ಆವರಣದಲ್ಲೇ ಇದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಆ ಗುರುವಿನ ಹೆಸರಿನಲ್ಲಿ 1953ರಿಂದ ಪುಣೆಯಲ್ಲಿ ಉತ್ಸವ ನಡೆಸಿಕೊಂಡು ಬಂದವರು ನಮ್ಮ ಗದಗಿನ ಭೀಮಸೇನ ಜೋಶಿಯವರು. ಚಳಿಯಲ್ಲಿ ಶಾಲು ಹೊದ್ದು ಆ ಉತ್ಸವ ಕೇಳಿದ ನಾವು ಗಾಯಕರ ಹಿಂದೆ ನಿಂತ ಎರಡು ತಂಬೂರಿಗಳು ಎಲ್ಲಿಯವೆಂದು ಕೇಳಿದ್ದುಂಟೆ?

ನನ್ನ ಪ್ರಸಂಗಕ್ಕೆ ಬರುತ್ತೇನೆ. ತಾಯಿಯವರು 1958ರಲ್ಲಿ ಮದುವೆಯಾಗಿ ಪುಣೆಗೆ ಬರುವಾಗ ತವರಿನಿಂದ ತಂದ ತಂಬೂರಿ ಅದು. ಅವರು ತೀರಿಕೊಂಡ ಮೇಲೆ ಧೂಳು ಹಿಡಿದಿತ್ತು. ಮಗಳು ಹಾಡಲು ಕಲಿಯುತ್ತೇನೆಂದಾಗ ಪಟ್ಟಣದ ಒಂದು ಅಂಗಡಿಗೆ ಕೊಟ್ಟೆ. ಅವರು ಕುದುರೆಯನ್ನು ಉಜ್ಜುಕಾಗದದಿಂದ ಸಪಾಟು ಮಾಡಿ ಹೊಳೆಯಿಸಿ ಕೊಟ್ಟರು. ಮಿಡಿದರೆ ತಗಡಿನ ಸದ್ದು.

ಮಿರಜದ ಮುದುಕ ಕಾರೀಗಾರರು ಅದನ್ನು ತೊಡೆಯ ಮೇಲಿಟ್ಟು ಎರಡು ಸಲ ಮಿಡಿದರು. “ಕುದುರಿ ಮಸ್ತ್ ಹೊಳೀತೈತ್ರೀ, ಜೀವಾ ಮಾತ್ರ ಹೋಗೈತಿ” ಎಂದರು. ಅದು ಸಾರಂಗದ ಕೊಂಬಿನದು. ಆ ಕೊಂಬಿನ ವ್ಯಾಪಾರವನ್ನು ಕಾನೂನು ನಿಲ್ಲಿಸಿದ ಮೇಲೆ ಅಂಥದು ಮತ್ತೆ ಸಿಕ್ಕುವುದಿಲ್ಲ. ಹೊಸದು ಕೂಡಿಸಿದರೆ ಕೆಲಸ ಸುಲಭ, ಆದರೆ ಧ್ವನಿ ಬೇರೆ. ಹಳೆಯದನ್ನೇ ತಿದ್ದಬೇಕಾದರೆ ಇನ್ನು ಒಂದೇ ಸಲ ಅರ ಹಾಕುವಷ್ಟು ದಪ್ಪ ಉಳಿದಿದೆ, ತಪ್ಪಿದರೆ ಮುಗಿಯಿತು. “ಏನು ಮಾಡ್ಲಿರಿ?” ಎಂದು ನನ್ನ ಮುಖ ನೋಡಿದರು. ತಾಯಿಯವರ ಧ್ವನಿ ಮನಸ್ಸಿಗೆ ಬಂದು, ಹಳೆಯದನ್ನೇ ತಿದ್ದಿರೆಂದೆ.

ಮೂರು ಗಂಟೆ ಹಿಡಿಯಿತು. ಒಂದು ಗೀರು, ಒಂದು ಮಿಡಿತ. ಮತ್ತೆ ಒಂದು ಗೀರು. ನಡುವೆ ಮಾತಿಗೆಳೆದೆ. 1979ರಲ್ಲಿ ಬೆಂಗಳೂರಿನ ರಾಜ್ ನಾರಾಯಣರು ವಿದ್ಯುತ್ ತಂಬೂರಿಯನ್ನು ಹೊರತಂದರು. ಈಗ ಅದು ಫೋನಿನಲ್ಲಿಯೇ ಸಿಕ್ಕುತ್ತದೆ. ನಮ್ಮವರ ಜಾಣತನದಿಂದಲೇ ಈ ಗಲ್ಲಿಗೆ ಏಟು ಬಿತ್ತಲ್ಲ ಎಂದು ನನಗೆ ಸಂಕೋಚ. ಮುದುಕರು ಬೈಯಲಿಲ್ಲ. “ಕಲಿಯೋ ಹುಡುಗರಿಗೆ ಛಲೋ ಆತ್ರೀ” ಎಂದಷ್ಟೇ ಹೇಳಿದರು. ಮಿರಜದ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಆದರೆ ಅವರ ಮೊಮ್ಮಗ ಮೊಬಾಯಿಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ.

ಸಂಜೆ ಗಾಡಿಯ ಹೊತ್ತಿಗೆ ಖರ್ಜದ ತಂತಿ ಮಾತಾಡಿತು. ತಾಯಿಯವರು ಬೆಳಗಿನ ಜಾವ ಮಿಡಿಯುತ್ತಿದ್ದ ಅದೇ ದನಿ. ನನಗೆ ಕಣ್ಣು ತುಂಬಿ ಬಂದವು. ಹತ್ತಿಯ ಎಳೆ ಕಳೆದುಹೋದೀತೆಂದು ಮುದುಕರು ನಾಲ್ಕು ತುಂಡು ಹೆಚ್ಚಿಗೆ ಕಾಗದದಲ್ಲಿ ಮಡಿಚಿ ಕೊಟ್ಟರು. ಅವುಗಳಲ್ಲಿ ಎರಡು ಇನ್ನೂ ಮಗಳ ದೇವರ ಗೂಡಿನಲ್ಲಿವೆ.