ದೌರ್ಜನ್ಯದ ಸಂಬಂಧ

ದಾಂಪತ್ಯ, ಪ್ರೇಮ ಅಥವಾ ಕೂಡುಬಾಳ್ವೆಯಲ್ಲಿ ಒಬ್ಬರು ಇನ್ನೊಬ್ಬರ ಓಡಾಟ, ಹಣ, ಒಡನಾಟ, ಮಾತು ಮತ್ತು ದೇಹವನ್ನು ಬೆದರಿಕೆಯಿಂದಲೋ ಅವಮಾನದಿಂದಲೋ ಹೊಡೆತದಿಂದಲೋ ತಮ್ಮ ಹಿಡಿತದಲ್ಲಿ ಇಟ್ಟುಕೊಳ್ಳುವ ಸ್ಥಿತಿಗೆ ದೌರ್ಜನ್ಯದ ಸಂಬಂಧ ಎನ್ನುತ್ತಾರೆ. ಹೊಡೆತ ಇದರ ಒಂದು ಸಾಧನ ಮಾತ್ರ. ಒಮ್ಮೆಯೂ ಕೈ ಎತ್ತದೆ ಇಂಥ ಸಂಬಂಧವನ್ನು ವರ್ಷಗಟ್ಟಲೆ ನಡೆಸಿಕೊಂಡು ಹೋಗುವವರಿದ್ದಾರೆ. ನರಳುವವರಲ್ಲಿ ಹೆಂಗಸರೇ ಹೆಚ್ಚು. ಗಂಡಸರು, ಸಲಿಂಗ ಸಂಗಾತಿಗಳು, ವಯಸ್ಸಾದ ತಂದೆತಾಯಿಗಳು ಕೂಡ ಇದಕ್ಕೆ ಸಿಲುಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಸಂಗಾತಿಯೊಡನೆ ಬಾಳಿದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 27ರಷ್ಟು ಮಂದಿ ಒಮ್ಮೆಯಾದರೂ ಅವನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ.

ಜಗಳವೂ ದೌರ್ಜನ್ಯವೂ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಸುಳ್ಳಲ್ಲ, ಆದರೆ ಅದು ಜಗಳದ ಮಾತು. ಜಗಳದಲ್ಲಿ ಇಬ್ಬರಿಗೂ ದನಿ ಇರುತ್ತದೆ. ಇಬ್ಬರೂ ಮುನಿಸಿಕೊಳ್ಳಬಹುದು, ಯಾರು ಬೇಕಾದರೂ ಸೋಲಬಹುದು. ದೌರ್ಜನ್ಯದಲ್ಲಿ ಸೋಲಬೇಕಾದವರು ಯಾರೆಂಬುದು ಮೊದಲೇ ನಿಗದಿಯಾಗಿರುತ್ತದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮೈಕೆಲ್ ಜಾನ್ಸನ್ 1995ರಲ್ಲಿ ಈ ಭೇದವನ್ನು ಶಾಸ್ತ್ರೀಯವಾಗಿ ಮಂಡಿಸಿದರು: ಆ ಹೊತ್ತಿನ ಸಿಟ್ಟಿಗೆ ಸಿಡಿಯುವ ಹಿಂಸೆ ಒಂದು ಬಗೆ, ಸಂಗಾತಿಯನ್ನು ಹದ್ದುಬಸ್ತಿನಲ್ಲಿ ಇಡಲೆಂದೇ ನಡೆಸುವ ಹಿಂಸೆ ಇನ್ನೊಂದು. ಮೊದಲನೆಯದನ್ನೂ ಒಪ್ಪಲಾಗದು. ಆದರೆ ಅದಕ್ಕೆ ಆಗಬಹುದಾದ ಮದ್ದು ಎರಡನೆಯದಕ್ಕೆ ಆಗದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ‘ಸಂಸಾರ ಅಂದ ಮೇಲೆ ಇದೆಲ್ಲ ಇದ್ದದ್ದೇ, ಹೊಂದಿಕೊಂಡು ಹೋಗಬೇಕಮ್ಮ’ ಎಂದು ಮಗಳನ್ನು ಬಸ್ಸು ಹತ್ತಿಸಿ ಕಳಿಸಿದ ತವರುಮನೆಗಳು ಕಡಿಮೆಯಲ್ಲ.

ಪರಿಕಲ್ಪನೆ ಬೆಳೆದ ಬಗೆ

ಲಂಡನ್ನಿನ ಚಿಸ್ವಿಕ್‌ನಲ್ಲಿ 1971ರಲ್ಲಿ ಎರಿನ್ ಪಿಜ್ಜಿ ಆರಂಭಿಸಿದ ಆಶ್ರಯಮನೆಯಿಂದ ಈ ವಿಷಯ ಸಾರ್ವಜನಿಕ ಚರ್ಚೆಗೆ ಬಂತು. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ ‘ಹಿಂಸೆಯ ಚಕ್ರ’ವನ್ನು ವಿವರಿಸಿದರು. ಬಿಗುವು ಏರುತ್ತದೆ, ಸ್ಫೋಟವಾಗುತ್ತದೆ, ಆಮೇಲೆ ಕಣ್ಣೀರು, ಆಣೆ, ಮಲ್ಲಿಗೆ ಹೂವು, ಹೊಸ ಸೀರೆ, ಮತ್ತೆ ಬಿಗುವು. ಎಲ್ಲ ಸಂಬಂಧಗಳೂ ಹೀಗೆ ಸುತ್ತುವುದಿಲ್ಲ, ಹಲವೆಡೆ ಕ್ಷಮೆಯ ಹಂತವೇ ಬರುವುದಿಲ್ಲ ಎಂಬ ಟೀಕೆ ಅವರ ಸಿದ್ಧಾಂತಕ್ಕಿದೆ. ಆದರೂ ಹೊಡೆಸಿಕೊಂಡವರು ಏಕೆ ಮರಳುತ್ತಾರೆ ಎಂಬ ಪ್ರಶ್ನೆಗೆ ಅದು ಒಂದು ಉತ್ತರ ಕೊಟ್ಟಿತು. ಅವರು ಮರಳುವುದು ಹೊಡೆತಕ್ಕಲ್ಲ, ಹೊಡೆತದ ಮರುದಿನದ ಮನುಷ್ಯನಿಗೆ.

ಇದಕ್ಕಿಂತ ಹೆಚ್ಚು ಬಳಕೆಗೆ ಬಂದದ್ದು ಮಿನ್ನೆಸೋಟದ ಡುಲುತ್ ಪಟ್ಟಣದಲ್ಲಿ 1984ರಲ್ಲಿ, ಹಿಂಸೆ ಅನುಭವಿಸಿದ ಹೆಂಗಸರ ಮಾತುಗಳನ್ನೇ ಆಧರಿಸಿ ಸಿದ್ಧವಾದ ‘ಅಧಿಕಾರ ಮತ್ತು ನಿಯಂತ್ರಣದ ಚಕ್ರ’. ಅದರ ಎಂಟು ಕಡ್ಡಿಗಳು: ಬೆದರಿಕೆ, ಹೆದರಿಸುವ ನಡೆ, ಮನಸ್ಸು ಮುರಿಯುವ ಮಾತು, ಒಂಟಿಯಾಗಿಸುವುದು, ನಡೆದದ್ದನ್ನು ನಿರಾಕರಿಸಿ ತಪ್ಪನ್ನು ತಿರುಗಿಸುವುದು, ಮಕ್ಕಳನ್ನು ಗುರಾಣಿಯಾಗಿ ಬಳಸುವುದು, ಗಂಡಸೆಂಬ ದರ್ಪ, ಹಣದ ಹಿಡಿತ. ಹೊಡೆತ ಈ ಪಟ್ಟಿಯಲ್ಲಿಲ್ಲ. ಅದನ್ನು ಚಕ್ರದ ಹೊರಪಟ್ಟಿಯಾಗಿ ಚಿತ್ರಿಸಲಾಗಿದೆ, ಅಂದರೆ ಒಳಗಿನದನ್ನೆಲ್ಲ ಬಿಗಿದು ಹಿಡಿದಿರುವುದು ಅದು. ಒಂದೇ ಸಲ ಹೊಡೆದಿದ್ದರೂ ಸಾಕು, ಆಮೇಲೆ ಹುಬ್ಬು ಗಂಟಿಕ್ಕಿದರೇ ಕೆಲಸ ನಡೆಯುತ್ತದೆ.

2007ರಲ್ಲಿ ಇವಾನ್ ಸ್ಟಾರ್ಕ್ ಈ ಇಡೀ ವ್ಯವಸ್ಥೆಯನ್ನು ‘ಬಲವಂತದ ನಿಯಂತ್ರಣ’ ಎಂದು ಕರೆದು, ಇದು ದೇಹದ ಮೇಲಿನ ಅಪರಾಧಕ್ಕಿಂತ ಹೆಚ್ಚಾಗಿ ಸ್ವಾತಂತ್ರ್ಯದ ಮೇಲಿನ ಅಪರಾಧ ಎಂದು ವಾದಿಸಿದರು. ಇಂಗ್ಲೆಂಡ್ ಮತ್ತು ವೇಲ್ಸ್ 2015ರ ಕಾಯ್ದೆಯಲ್ಲಿ ಇದಕ್ಕೆ ಐದು ವರ್ಷದವರೆಗಿನ ಸಜೆ ವಿಧಿಸಿದವು. ಸ್ಕಾಟ್‌ಲೆಂಡ್ 2018ರ ಕಾಯ್ದೆಯಲ್ಲಿ ಹದಿನಾಲ್ಕು ವರ್ಷದವರೆಗೆ ಹೋಯಿತು. ‘ಗ್ಯಾಸ್‌ಲೈಟಿಂಗ್’ ಎಂಬ, ಈಗ ಕನ್ನಡದ ಹುಡುಗ ಹುಡುಗಿಯರ ಬಾಯಲ್ಲೂ ಓಡಾಡುವ ಮಾತು ಬಂದದ್ದು ಪ್ಯಾಟ್ರಿಕ್ ಹ್ಯಾಮಿಲ್ಟನ್ನನ 1938ರ ನಾಟಕದಿಂದ. ಅದರಲ್ಲಿ ಗಂಡ ಮನೆಯ ಗ್ಯಾಸ್ ದೀಪ ಮಂಕಾದದ್ದನ್ನು ಇಲ್ಲವೆಂದು ಸಾಧಿಸಿ, ಹೆಂಡತಿಗೆ ತನ್ನ ಬುದ್ಧಿಯ ಮೇಲೇ ಅನುಮಾನ ಹುಟ್ಟಿಸುತ್ತಾನೆ. ಪ್ರತಿ ಸುಳ್ಳಿಗೂ ಈ ಹೆಸರನ್ನು ಅಂಟಿಸುವ ಇಂದಿನ ರೂಢಿ ಮಾತ್ರ ಅತಿ.

ಗುರುತಿಸುವ ಬಗೆ

ಹೊರಗಿನವರು ಮೈಮೇಲಿನ ಬಾಸುಂಡೆ ಹುಡುಕುತ್ತಾರೆ. ಅದಕ್ಕಿಂತ ನಂಬಬಹುದಾದ ಪ್ರಶ್ನೆ ಬೇರೆ: ಈ ಸಂಬಂಧಕ್ಕೆ ಬಂದ ಮೇಲೆ ಈಕೆ ಏನೇನು ಬಿಟ್ಟಳು? ಅಕ್ಕನ ಮನೆಗೆ ಹೋಗುವುದು, ಜೊತೆಗೆ ಓದಿದ ಗೆಳತಿಯರಿಗೆ ಫೋನು ಮಾಡುವುದು, ಕೆಲಸ, ಇಷ್ಟದ ಉಡುಪು, ಜೋರಾಗಿ ನಗುವುದು. ಬಿಟ್ಟದ್ದು ಇಷ್ಟಪಟ್ಟೋ, ಹೆದರಿಕೆಯಿಂದಲೋ? ಮನೆಯವನ ಬೈಕಿನ ಸದ್ದಿನಿಂದಲೇ ಇವತ್ತಿನ ಸಂಜೆ ಹೇಗಿರುತ್ತದೆ ಎಂದು ಲೆಕ್ಕ ಹಾಕುವ ಹೆಂಗಸಿಗೆ ಬೇರೆ ಪರೀಕ್ಷೆ ಬೇಕಿಲ್ಲ.

ಆರಂಭದ ಚಿಹ್ನೆಗಳು ಅಕ್ಕರೆಯ ವೇಷದಲ್ಲೇ ಬರುತ್ತವೆ. ‘ನಿನ್ನ ಒಳ್ಳೇದಕ್ಕೇ ಹೇಳೋದು’ ಎಂಬಲ್ಲಿಂದ ಶುರುವಾಗಿ ಮೊಬೈಲಿನ ಪಾಸ್‌ವರ್ಡ್, ಲೊಕೇಶನ್, ‘ಯಾರ ಜೊತೆ ಅಷ್ಟು ಹೊತ್ತು?’, ಆಮೇಲೆ ‘ಅವರಿಬ್ಬರ ಸಹವಾಸ ಬಿಡು’. ‘ನೀನು ಬಿಟ್ಟು ಹೋದರೆ ವಿಷ ಕುಡೀತೀನಿ’ ಎನ್ನುವುದು ಪ್ರೀತಿಯ ಆಳವನ್ನು ತೋರಿಸುವ ಮಾತೆಂದು ನಮ್ಮ ಸಿನಿಮಾಗಳು ದಶಕಗಳ ಕಾಲ ನಂಬಿಸಿವೆ. ಅದು ಬೆದರಿಕೆ. ಹೇಳುವವನಿಗೆ ನಿಜವಾಗಿಯೂ ಸಾಯುವ ಮನಸ್ಸಾಗಿದ್ದರೆ ಅವನಿಗೆ ಬೇಕಾದದ್ದು ವೈದ್ಯರು, ಅವಳ ಸೆರೆವಾಸವಲ್ಲ.

ಹಣದ ಹಿಡಿತವನ್ನು ನಮ್ಮಲ್ಲಿ ದೌರ್ಜನ್ಯವೆಂದು ಎಣಿಸುವವರೇ ಕಡಿಮೆ. ಸಂಬಳದ ಎಟಿಎಂ ಕಾರ್ಡು ಅತ್ತೆಯ ಡಬ್ಬಿಯಲ್ಲಿರುವುದು, ಒಡವೆ ಕೇಳದೆ ಗಿರವಿಗೆ ಹೋಗುವುದು, ಹೆಂಡತಿಯ ಹೆಸರಿನಲ್ಲಿ ಸಂಘದ ಸಾಲ ತೆಗೆಸಿ ಕಂತು ಅವಳ ತಲೆಗೆ ಕಟ್ಟುವುದು, 2023ರಿಂದ ತಿಂಗಳಿಗೆ 2,000 ರೂಪಾಯಿಯಂತೆ ಮನೆಯೊಡತಿಯ ಖಾತೆಗೆ ಬರುವ ಗೃಹಲಕ್ಷ್ಮಿ ಹಣವನ್ನು ಮೆಸೇಜು ಬಂದ ಕೂಡಲೇ ಕಿತ್ತುಕೊಳ್ಳುವುದು, ಇವೆಲ್ಲ ಆರ್ಥಿಕ ದೌರ್ಜನ್ಯಗಳೇ. ವಿದೇಶದಲ್ಲಿರುವ ಕನ್ನಡಿಗರಲ್ಲಿ ಇದೇ ಹಿಡಿತ ಪಾಸ್‌ಪೋರ್ಟು ಬಚ್ಚಿಡುವ, ‘ವೀಸಾ ರದ್ದು ಮಾಡಿಸಿ ಊರಿಗೆ ಕಳಿಸ್ತೀನಿ’ ಎನ್ನುವ ರೂಪ ತಾಳುತ್ತದೆ. ಗಂಡನ ವೀಸಾದ ಆಸರೆಯಲ್ಲಿ ಇರುವವಳಿಗೆ ಅದು ಹುಸಿ ಬೆದರಿಕೆಯಾಗಿ ಕೇಳಿಸುವುದಿಲ್ಲ.

ಒಂದು ಚಿಹ್ನೆಯನ್ನಂತೂ ಹಗುರವಾಗಿ ತೆಗೆದುಕೊಳ್ಳಬಾರದು. ಕತ್ತು ಹಿಸುಕುವುದು. ಗುರುತು ಉಳಿಯದೇ ಇರಬಹುದು, ಒಂದೇ ಸಲ ಆಗಿರಬಹುದು. ಆದರೆ ಸಂಗಾತಿ ಹಿಂದೆ ಕತ್ತು ಹಿಸುಕಿದ್ದವರಲ್ಲಿ ಆಮೇಲೆ ಕೊಲೆಯಾಗುವ ಸಂಭವ ಏಳು ಪಟ್ಟು ಮೀರಿತ್ತು ಎಂದು 2008ರ ಒಂದು ಅಮೆರಿಕನ್ ಅಧ್ಯಯನ ಕಂಡುಕೊಂಡಿತು.

ಕರ್ನಾಟಕದಲ್ಲಿ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದ ಸರಾಸರಿ ಶೇ 29.3; ಎಲ್ಲ ರಾಜ್ಯಗಳಲ್ಲಿ ಕರ್ನಾಟಕದ್ದೇ ಅತಿ ಹೆಚ್ಚು. ನಾಲ್ಕನೆಯ ಸಮೀಕ್ಷೆಯಲ್ಲಿ ಇದೇ ಪ್ರಮಾಣ ಶೇ 20.6 ಇತ್ತು. ಈ ಏರಿಕೆಯನ್ನು ಕೊರೊನಾ ಲಾಕ್‌ಡೌನಿನ ತಲೆಗೆ ಕಟ್ಟುವವರಿದ್ದಾರೆ, ಆದರೆ ಕರ್ನಾಟಕದಲ್ಲಿ ಮಾಹಿತಿ ಸಂಗ್ರಹ ಲಾಕ್‌ಡೌನಿಗೆ ಮೊದಲೇ ಮುಗಿದಿತ್ತು. ಹಿಂಸೆ ಹೆಚ್ಚಿದ್ದರಿಂದ ಅಂಕಿ ಏರಿದೆಯೋ, ಬಾಯಿಬಿಟ್ಟು ಹೇಳುವವರು ಹೆಚ್ಚಿದ್ದರಿಂದಲೋ ಎಂಬುದನ್ನು ಸಮೀಕ್ಷೆಯೊಂದೇ ತೀರ್ಮಾನಿಸಲಾರದು. ದೇಶದಾದ್ಯಂತ ನೋಡಿದರೆ ಹಿಂಸೆಗೆ ಗುರಿಯಾದವರಲ್ಲಿ ಯಾರ ಬಳಿಯಾದರೂ ನೆರವು ಕೇಳಿದವರು ಸುಮಾರು ಶೇ 14 ಮಾತ್ರ.

ನೆರವು ಕೇಳದಿರಲು ಇಲ್ಲಿಯ ಮದುವೆಗಳ ಒಂದು ಲಕ್ಷಣವೂ ಕಾರಣ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದವಳಿಗೆ ತವರು ಬೇರೆ, ಗಂಡನ ಮನೆ ಬೇರೆ ಎಂಬುದಿಲ್ಲ. ಮಗಳ ಪರ ನಿಂತರೆ ಅವಳ ತಾಯಿ ಸ್ವಂತ ತಮ್ಮನ ವಿರುದ್ಧ ನಿಂತಂತೆ. ಪರಿಚಿತರ ಮನೆ, ಹುಡುಗಿ ಸುಖವಾಗಿರುತ್ತಾಳೆ ಎಂಬ ಲೆಕ್ಕದಲ್ಲಿ ಮಾಡಿದ ಸಂಬಂಧವೇ ಕೆಲವೊಮ್ಮೆ ಅವಳ ಹೊರದಾರಿಯನ್ನು ಮುಚ್ಚುತ್ತದೆ. ಹಿರಿಯರನ್ನು ಕೂರಿಸಿ ಮಾತಾಡಿಸುವ ಪಂಚಾಯಿತಿಯಲ್ಲೂ ಇದೇ ತೊಡಕು. ಅಲ್ಲಿ ಕೂತವರಿಗೆ ಬೇಕಾದದ್ದು ಮನೆ ಒಡೆಯದಿರುವುದು. ಗಂಡನ ಎದುರಿಗೇ ‘ಹೇಳಮ್ಮ, ಏನು ಕಷ್ಟ?’ ಎಂದು ಕೇಳಿದರೆ ಅವಳು ಏನು ಹೇಳಿಯಾಳು?

ಎಲ್ಲೆ ಹಾಕುವುದು

ಮನಶ್ಶಾಸ್ತ್ರದಲ್ಲಿ ಎಲ್ಲೆ ಎಂದರೆ, ತನ್ನ ದೇಹ, ಸಮಯ, ಹಣ, ಖಾಸಗಿತನದ ವಿಷಯದಲ್ಲಿ ಏನನ್ನು ಒಪ್ಪುತ್ತೇನೆ, ಏನನ್ನು ಒಪ್ಪುವುದಿಲ್ಲ ಎಂದು ತಿಳಿಸುವುದು ಮತ್ತು ಮೀರಿದಾಗ ತಾನು ಏನು ಮಾಡುತ್ತೇನೆ ಎಂಬುದನ್ನು ನಿರ್ಧರಿಸಿಕೊಳ್ಳುವುದು. ಎರಡನೆಯ ಭಾಗವಿಲ್ಲದಿದ್ದರೆ ಅದು ಬರೀ ಕೋರಿಕೆ. ‘ನೀನು ಕೂಗಬೇಡ’ ಎಂಬುದು ಕೋರಿಕೆ. ‘ನೀನು ಕೂಗಿದರೆ ನಾನು ಎದ್ದು ಹೋಗುತ್ತೇನೆ, ತಣ್ಣಗಾದ ಮೇಲೆ ಮಾತಾಡೋಣ’ ಎಂಬುದು ಎಲ್ಲೆ. ಇದು ಇನ್ನೊಬ್ಬರಿಗೆ ಹಾಕುವ ಕಟ್ಟಳೆಯಲ್ಲವಾದ್ದರಿಂದ, ‘ನೀನು ಗಂಡಸರ ಜೊತೆ ಮಾತಾಡಬಾರದು, ಇದು ನನ್ನ ಎಲ್ಲೆ’ ಎನ್ನುವವನು ಹಳೆಯ ಹಿಡಿತಕ್ಕೇ ಹೊಸ ಹೆಸರು ಕೊಡುತ್ತಿದ್ದಾನೆ.

ಎಲ್ಲೆಯ ಈ ಕಲ್ಪನೆಯನ್ನು ಪಶ್ಚಿಮದ ಸರಕೆಂದು ತಳ್ಳಿಹಾಕುವವರು ಕವಿ ಹರಿಹರನ ಮಹಾದೇವಿಯಕ್ಕನ ರಗಳೆಯನ್ನು ನೆನೆಯಬಹುದು. ಅರಸ ಕೌಶಿಕನ ಅರಮನೆಗೆ ಹೋಗುವ ಮೊದಲು ಅಕ್ಕ ಅವನ ಮುಂದೆ ಷರತ್ತುಗಳನ್ನಿಡುತ್ತಾಳೆ. ತನ್ನ ಶಿವಪೂಜೆಗೆ, ಶರಣರ ಸಂಗಕ್ಕೆ, ಗುರುವಿನ ಸೇವೆಗೆ ಅಡ್ಡಿಯಾಗಕೂಡದು. ಮೂರು ತಪ್ಪಿನವರೆಗೆ ತಾಳುತ್ತೇನೆ. ಅವನು ಮೂರನ್ನೂ ಮೀರಿದಾಗ ಅವಳು ವಾದಕ್ಕಿಳಿಯುವುದಿಲ್ಲ, ಅರಮನೆ ಬಿಟ್ಟು ಹೊರಡುತ್ತಾಳೆ. ಅವಳು ಮದುವೆಯೇ ಆಗಲಿಲ್ಲ ಎನ್ನುವ ಕಥನಗಳೂ ಇವೆ. ಹರಿಹರನ ಕಥೆಯಲ್ಲಂತೂ ಎಲ್ಲೆಯ ಎರಡೂ ಭಾಗ ಸ್ಪಷ್ಟವಾಗಿವೆ.

ಆಪ್ತ ಸಮಾಲೋಚಕರು ಸಣ್ಣ ವಿಷಯದಿಂದ ಶುರುಮಾಡಲು ಹೇಳುತ್ತಾರೆ. ಭಾನುವಾರ ತಂಗಿಯ ಮನೆಗೆ ಹೋಗಿಬರುತ್ತೇನೆ ಎಂದು ತಿಳಿಸುವುದು, ಫೋನಿನ ಪಾಸ್‌ವರ್ಡ್ ಕೊಡಲಾರೆ ಎನ್ನುವುದು. ಉದ್ದದ ಸಮಜಾಯಿಷಿ ಬೇಕಿಲ್ಲ, ಏಕೆಂದರೆ ಪ್ರತಿ ಕಾರಣವೂ ವಾದಕ್ಕೆ ಒಂದು ಹಿಡಿ. ಸಾಮಾನ್ಯ ಸಂಗಾತಿ ಇದಕ್ಕೆ ಗೊಣಗಬಹುದು, ಎರಡು ದಿನ ಮುಖ ಊದಿಸಿಕೊಳ್ಳಬಹುದು, ಕೊನೆಗೆ ಒಗ್ಗಿಕೊಳ್ಳುತ್ತಾನೆ. ನಿಯಂತ್ರಿಸುವ ಸಂಗಾತಿ ಹಿಡಿತವನ್ನು ಇನ್ನಷ್ಟು ಬಿಗಿಗೊಳಿಸುತ್ತಾನೆ. ಹಾಗಾಗಿ ಸಣ್ಣ ‘ಬೇಡ’ಕ್ಕೆ ಬರುವ ಪ್ರತಿಕ್ರಿಯೆಯೇ ಸಂಬಂಧ ಯಾವ ಬಗೆಯದೆಂದು ಹೇಳಿಬಿಡುತ್ತದೆ.

ಜನಪ್ರಿಯ ಮನೋವಿಜ್ಞಾನದ ಪುಸ್ತಕಗಳು ಎಡವುವುದು ಇಲ್ಲೇ. ಗಟ್ಟಿಯಾಗಿ ಎಲ್ಲೆ ಹಾಕಿದರೆ ಎದುರಿನವರು ತಿದ್ದಿಕೊಳ್ಳುತ್ತಾರೆ ಎಂಬ ಭರವಸೆ ಸಾಮಾನ್ಯ ಸಂಬಂಧಗಳಿಗೆ ಸರಿ. ಬಲವಂತದ ನಿಯಂತ್ರಣ ಇರುವಲ್ಲಿ ಅದೇ ಸಲಹೆ ಅಪಾಯ ತರಬಲ್ಲದು, ಮತ್ತು ‘ನಿನಗೆ ಎಲ್ಲೆ ಹಾಕಲು ಬರಲಿಲ್ಲ’ ಎಂದು ತಪ್ಪನ್ನು ಮತ್ತೆ ಅವಳ ಮೇಲೇ ಹೊರಿಸುತ್ತದೆ. ಅಂಥ ಕಡೆ ಮೊದಲು ಬೇಕಾದದ್ದು ಸುರಕ್ಷತೆಯ ಏರ್ಪಾಡು.

ಹೊರಡುವ ಹೊತ್ತು

ಬಿಟ್ಟು ಹೊರಡುವ ಸಮಯ, ಹೊರಟ ಮೇಲಿನ ಕೆಲವು ತಿಂಗಳು ಎಲ್ಲಕ್ಕಿಂತ ಅಪಾಯದವು. ಆದ್ದರಿಂದ ‘ನಾಳೆ ಬಿಟ್ಟು ಹೋಗುತ್ತೇನೆ’ ಎಂದು ಮುಂಚೆ ಸಾರುವುದು ಬೇಡವೆಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಎಚ್ಚರಿಸುತ್ತಾರೆ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು, ಅಂಕಪಟ್ಟಿ, ಮಕ್ಕಳ ಜನನ ಪ್ರಮಾಣಪತ್ರಗಳ ನಕಲು, ಒಡವೆಗಳ ಫೋಟೊ, ಗಾಯದ ಫೋಟೊ ಮತ್ತು ಆಸ್ಪತ್ರೆಯ ಚೀಟಿ ನಂಬಿಕಸ್ಥರೊಬ್ಬರ ಬಳಿ ಇರಬೇಕು. ಪಕ್ಕದ ಮನೆಯವರೊಡನೆ ಒಂದು ಸಂಕೇತದ ಮಾತು ಗೊತ್ತುಮಾಡಿಕೊಳ್ಳಬಹುದು. ಆ ಮಾತು ಕಿವಿಗೆ ಬಿದ್ದರೆ ಅವರು 112ಕ್ಕೆ ಕರೆ ಮಾಡಬೇಕು. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಕಾನೂನು ನೆರವಿಗೆ 15100. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲೆಗಳಲ್ಲಿ ನೊಂದ ಮಹಿಳೆಯರಿಗೆ ನೆರವಾಗುವ ‘ಸಖಿ’ ಕೇಂದ್ರಗಳಿವೆ, ರಾಜ್ಯ ಸರ್ಕಾರದ ಸಾಂತ್ವನ ಕೇಂದ್ರಗಳಿವೆ; ಬೆಂಗಳೂರಿನಲ್ಲಿ 1979ರಿಂದ ಕೆಲಸ ಮಾಡುತ್ತಿರುವ ವಿಮೋಚನಾ ಸಂಸ್ಥೆಯಿದೆ.

ಕಾನೂನು

2005ರ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂತು. ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂಬ ನಾಲ್ಕು ಬಗೆಯ ದೌರ್ಜನ್ಯವನ್ನು ಅದು ಗುರುತಿಸುತ್ತದೆ. ಬ್ರಿಟನ್ 2015ರಲ್ಲಿ ಕಂಡುಕೊಂಡದ್ದರಲ್ಲಿ ಬಹುಪಾಲು ಇಲ್ಲಿ ಹತ್ತು ವರ್ಷ ಮೊದಲೇ ಕಾಗದದ ಮೇಲಿತ್ತು. ನಿಯಮಗಳ ಜೊತೆಗಿರುವ ಘಟನಾ ವರದಿಯ ನಮೂನೆಯನ್ನು ಓದಿದರೆ ಇದು ತಿಳಿಯುತ್ತದೆ. ಗಂಡುಮಗು ಹೆರಲಿಲ್ಲವೆಂಬ ಹೀಯಾಳಿಕೆ, ಕೆಲಸಕ್ಕೆ ಹೋಗದಂತೆ ತಡೆಯುವುದು, ಮನೆಯಿಂದ ಹೊರಬಿಡದಿರುವುದು, ಇಂಥವರನ್ನು ಭೇಟಿಯಾಗದಂತೆ ಕಟ್ಟುಹಾಕುವುದು, ಸಂಬಳ ಕಿತ್ತುಕೊಳ್ಳುವುದು, ಎಲ್ಲಕ್ಕೂ ಅದರಲ್ಲಿ ಗುರುತು ಹಾಕುವ ಜಾಗವಿದೆ. ತನಗೆ ಆಗುತ್ತಿರುವುದು ದೌರ್ಜನ್ಯವೇ ಅಲ್ಲವೇ ಎಂಬ ಗೊಂದಲದಲ್ಲಿರುವವರಿಗೆ ಎಷ್ಟೋ ಪುಸ್ತಕಗಳಿಗಿಂತ ಈ ಸರ್ಕಾರಿ ನಮೂನೆ ಉಪಯುಕ್ತ.

ಮದುವೆಯಾಗದೆ ದಾಂಪತ್ಯದಂತೆ ಬಾಳಿದವರಿಗೂ, ತಾಯಿ, ಅಕ್ಕತಂಗಿಯರಿಗೂ ಕಾಯ್ದೆ ಅನ್ವಯಿಸುತ್ತದೆ. ಗಂಡಸರು ಇದರಡಿ ದೂರು ಕೊಡಲಾಗದು. ಅವರಿಗೆ ಸಾಮಾನ್ಯ ಅಪರಾಧ ಕಾನೂನು ಮತ್ತು ವಿಚ್ಛೇದನದ ದಾರಿಗಳಿವೆ. ಮ್ಯಾಜಿಸ್ಟ್ರೇಟರು ರಕ್ಷಣಾ ಆದೇಶ, ವಾಸದ ಆದೇಶ, ಹಣದ ಪರಿಹಾರ, ಮಕ್ಕಳ ತಾತ್ಕಾಲಿಕ ಸುಪರ್ದಿ ಕೊಡಬಹುದು. ಮನೆ ಅತ್ತೆ ಮಾವಂದಿರ ಹೆಸರಿನಲ್ಲಿದ್ದ ಮಾತ್ರಕ್ಕೆ ಸೊಸೆಯ ವಾಸದ ಹಕ್ಕು ತಪ್ಪುವುದಿಲ್ಲ ಎಂದು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ತನ್ನ ಹಳೆಯ ತೀರ್ಪನ್ನು ತಿದ್ದಿ ಹೇಳಿತು. ಅರ್ಜಿಯನ್ನು ಮೊದಲ ವಿಚಾರಣೆಯಿಂದ 60 ದಿನದೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನ್ಯಾಯಾಲಯಗಳ ವಾಸ್ತವದಲ್ಲಿ ಆ ಗಡುವು ಉಳಿಯುವುದು ಅಪರೂಪ. ರಕ್ಷಣಾ ಆದೇಶ ಮೀರಿದರೆ ಒಂದು ವರ್ಷದವರೆಗೆ ಸಜೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಗಂಡ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಪ್ರತ್ಯೇಕವಾಗಿ ಕ್ರಿಮಿನಲ್ ಮೊಕದ್ದಮೆಯೂ ಸಾಧ್ಯ. ಹಳೆಯ 498ಎ ಕಲಮಿನ ವಿಷಯ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ.

ಕರ್ನಾಟಕದಲ್ಲಿ, ಈ ಕಾಯ್ದೆಯಡಿ ನೊಂದವರಿಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿಯ ಹೊಣೆಯನ್ನು ತಾಲ್ಲೂಕು ಮಟ್ಟದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ವಹಿಸಲಾಗಿದೆ. ಅಂಗನವಾಡಿಗಳ ಉಸ್ತುವಾರಿಯೂ ಅವರದೇ ಆದ್ದರಿಂದ ಕೆಲಸದ ಹೊರೆ ಹೆಚ್ಚು, ಆದರೆ ಅಂಗನವಾಡಿ ಕಾರ್ಯಕರ್ತೆಯ ಮೂಲಕ ಹಳ್ಳಿಯ ಹೆಂಗಸೊಬ್ಬಳು ಅವರನ್ನು ತಲುಪಬಹುದೆಂಬ ಅನುಕೂಲವೂ ಇದೆ. ಅವರ ಬಳಿ ಹೋಗಲು ವಕೀಲರು ಬೇಕಿಲ್ಲ. ನೊಂದವಳೇ ಹೋಗಬೇಕೆಂದೂ ಇಲ್ಲ. ಕಾಯ್ದೆಯ 4ನೇ ಕಲಮಿನಂತೆ ಯಾರು ಬೇಕಾದರೂ, ಗೋಡೆಯಾಚೆ ಸದ್ದು ಕೇಳಿಸಿಕೊಂಡ ನೆರೆಯವರೂ ಸಹ, ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟ ಮಾಹಿತಿಗಾಗಿ ಅವರ ಮೇಲೆ ಯಾವ ಕ್ರಮವನ್ನೂ ಜರುಗಿಸುವಂತಿಲ್ಲ.