ಸನ್ನತಿಯ ಕಲ್ಲಿನಲ್ಲಿ ಇಲ್ಲದ ಶಾಸನ

ಆಳಂದದ ಕಡೆಯಿಂದ ಬರುವ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಜೇವರ್ಗಿ ಸೀಮೆಯನ್ನು ಹಾದು, ಮುಂದೆ ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನು ಮುಟ್ಟುತ್ತದೆ. ಚಂದ್ರಲಾಂಬೆಯ ಗುಡಿಯಿಂದ ಹೆಸರಾದ ಊರು ಅದು. 1986ರಲ್ಲಿ ಅಲ್ಲಿನ ಕಾಳಿಗುಡಿಯ ಮಾಳಿಗೆ ಕುಸಿದಾಗ, ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಲಿಪಿಯ ಬರಹ ಕಾಣಿಸಿತು. ಅದು ಸಾಮ್ರಾಟ ಅಶೋಕನ ಶಾಸನವಾಗಿತ್ತು.

ಅಶೋಕನೆಂದರೆ ನಮಗೆ ಮೊದಲು ನೆನಪಾಗುವುದು ಕಳಿಂಗ ಯುದ್ಧ ಮತ್ತು ಅವನ ಪಶ್ಚಾತ್ತಾಪ. 1 ಲಕ್ಷ ಜನರು ಹತರಾದರು, 1.5 ಲಕ್ಷ ಜನರನ್ನು ಸೆರೆಯೊಯ್ಯಲಾಯಿತು ಎಂದು ಅವನೇ ತನ್ನ 13ನೆಯ ಶಾಸನದಲ್ಲಿ ಒಪ್ಪಿಕೊಂಡಿದ್ದಾನೆ. ಆದರೆ ಸನ್ನತಿಯ ಕಲ್ಲಿನಲ್ಲಿ 12ನೆಯ ಶಾಸನದ ಭಾಗವಿದೆ, 14ನೆಯದರ ಭಾಗವಿದೆ, 13ನೆಯದು ಇಲ್ಲ. ಯುದ್ಧ ನಡೆದ ಕಳಿಂಗದಲ್ಲಿಯೇ, ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆಯೂ ಅದನ್ನು ಕೆತ್ತಿಸಲಿಲ್ಲ. ಅರಸನ ಪಶ್ಚಾತ್ತಾಪವನ್ನು ಓದಬೇಕಾದರೆ ದೂರದ ಗಿರ್ನಾರಕ್ಕೋ ಶಹಬಾಜ್‌ಗಢಿಗೋ ಹೋಗಬೇಕು. ತನ್ನೂರಿನ ಕಲ್ಲನ್ನು ಮಾತ್ರ ಓದಿದವನಿಗೆ ಅದು ತಿಳಿಯುವುದೇ ಇಲ್ಲ.

ಯುದ್ಧ ಮತ್ತು ಶಾಂತಿಯ ವಿಷಯದಲ್ಲಿ ನಾನೂ ಬಹುಕಾಲ ಒಂದೇ ಕಲ್ಲನ್ನು ಓದಿದವನು. ಗುರುಮಠದಲ್ಲಿ ಸಂತ ಅಗಸ್ಟೀನರನ್ನೂ ಸಂತ ಥಾಮಸ್ ಅಕ್ವಿನಾಸರನ್ನೂ ಕಲಿತೆವು. ಯುದ್ಧ ನ್ಯಾಯವಾಗಬೇಕಾದರೆ ಅಧಿಕಾರವುಳ್ಳವರು ಅದನ್ನು ಸಾರಿರಬೇಕು, ಕಾರಣ ನ್ಯಾಯವಾಗಿರಬೇಕು, ಉದ್ದೇಶ ಶುದ್ಧವಾಗಿರಬೇಕು ಎಂಬ ಅಕ್ವಿನಾಸರ ಮೂರು ನಿಯಮಗಳನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದೆವು. ಕ್ರಿ.ಶ. 295ರಲ್ಲಿ, ಕ್ರೈಸ್ತನಾದ ತಾನು ಸೈನಿಕನಾಗಲಾರೆನೆಂದು ಹೇಳಿ ಶಿರಚ್ಛೇದಕ್ಕೆ ಒಳಗಾದ ಉತ್ತರ ಆಫ್ರಿಕದ ತರುಣ ಸಂತ ಮ್ಯಾಕ್ಸಿಮಿಲಿಯನ್ ಆ ಪಾಠದಲ್ಲಿ ಬರಲಿಲ್ಲ. ಅವನ ತಂದೆಯೇ ಸೈನ್ಯದಲ್ಲಿದ್ದವನು. ಒಂದೇ ಧರ್ಮಸಭೆ ಮ್ಯಾಕ್ಸಿಮಿಲಿಯನ್‌ನನ್ನೂ ಅಗಸ್ಟೀನರನ್ನೂ ಸಂತರೆಂದು ಗೌರವಿಸುತ್ತದೆ ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ.

ಈ ಮೂರು ನಿಯಮಗಳಿಗೆ ನಮ್ಮ ನೆಲದಲ್ಲಿಯೇ ಒಂದು ಕಠಿಣ ಪರೀಕ್ಷೆ ಇದೆ. 1948ರಲ್ಲಿ ಕಲಬುರಗಿ ಸೀಮೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಹಳ್ಳಿಗಳಲ್ಲಿ ನಡೆಸಿದ ಸುಲಿಗೆ, ಕೊಲೆಗಳನ್ನು ಇಲ್ಲಿನ ಹಿರಿಯರು ಮರೆತಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡ ಎಲ್ಲರಿಗೂ ಗೊತ್ತಿರುವುದೇ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು. 17ರಂದು ನಿಜಾಮರು ಶರಣಾದರು. ಅಧಿಕಾರವಿತ್ತು, ಕಾರಣವೂ ಇತ್ತು. ಅಕ್ವಿನಾಸರ ನಿಯಮಗಳು ಈಡೇರಿದವೆಂದೇ ನಾನು ಇಂದಿಗೂ ನಂಬುತ್ತೇನೆ.

ಆದರೆ ಕಥೆ 17ಕ್ಕೆ ಮುಗಿಯಲಿಲ್ಲ. ಪಂಡಿತ ಸುಂದರಲಾಲ್ ಹಾಗೂ ಖಾಜಿ ಅಬ್ದುಲ್ ಗಫಾರರ ಸಮಿತಿಯು ಅದೇ ನವೆಂಬರ್-ಡಿಸೆಂಬರ್ ತಿಂಗಳಲ್ಲಿ ಸಂಸ್ಥಾನದಲ್ಲಿ ಸಂಚರಿಸಿ ಸರಕಾರಕ್ಕೆ ವರದಿ ಒಪ್ಪಿಸಿತು. ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರ 27,000ದಿಂದ 40,000 ಜನರು ಪ್ರಾಣ ಕಳೆದುಕೊಂಡರೆಂದು ಸಮಿತಿಯ ಅಂದಾಜು. ಹತರಾದವರಲ್ಲಿ ಬಹುಪಾಲು ಮುಸ್ಲಿಮರು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ, ನಾಂದೇಡಗಳ ಜೊತೆಗೆ ನಮ್ಮ ಗುಲಬರ್ಗಾ ಕೂಡ ಇತ್ತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಸಾರ್ವಜನಿಕರ ಓದಿಗೆ ದೊರೆತದ್ದು 2013ರ ಹೊತ್ತಿಗೆ. ಗೆದ್ದವರ 13ನೆಯ ಶಾಸನ ಗೆದ್ದ ನೆಲದಲ್ಲಿ ಮತ್ತೊಮ್ಮೆ ಕಾಣೆಯಾಗಿತ್ತು!

ಅದನ್ನು ಓದಿದ ಮೇಲೆ ನಾನು ಹಿಂದೆ ಸೆಪ್ಟೆಂಬರ್ 17ರ ಆಸುಪಾಸಿನ ಭಾನುವಾರಗಳಲ್ಲಿ ನೀಡಿದ್ದ ಪ್ರಬೋಧನೆಗಳ ಟಿಪ್ಪಣಿಗಳನ್ನು ತೆಗೆದು ನೋಡಿದೆ. ವಿಮೋಚನೆಗಾಗಿ ದೇವರಿಗೆ ಸ್ತೋತ್ರವಿತ್ತು, ಮಡಿದ ಹೋರಾಟಗಾರರ ಸ್ಮರಣೆಯಿತ್ತು. ಆ ನಂತರದ ವಾರಗಳಲ್ಲಿ ಸತ್ತವರಿಗಾಗಿ ಒಂದು ಸಾಲಿನ ಪ್ರಾರ್ಥನೆಯೂ ಇರಲಿಲ್ಲ. ಯುದ್ಧ ನ್ಯಾಯವಾಗಿತ್ತು ಎಂದ ಮಾತ್ರಕ್ಕೆ ಅದರ ನೆರಳಿನಲ್ಲಿ ನಡೆದುದನ್ನೆಲ್ಲ ನನ್ನ ಅಂತಃಕರಣ ಮನ್ನಿಸಿಬಿಟ್ಟಿತ್ತು. ಪೋಪ್ ಫ್ರಾನ್ಸಿಸ್ ಅವರು 2020ರ ತಮ್ಮ ವಿಶ್ವಪತ್ರದಲ್ಲಿ, ನ್ಯಾಯಯುದ್ಧದ ಹಳೆಯ ಅಳತೆಗೋಲನ್ನು ಇಂದು ಹಿಡಿಯುವುದೇ ಬಲು ಕಷ್ಟವೆಂದು ಬರೆದಾಗ ಅನೇಕರು ಹುಬ್ಬೇರಿಸಿದರು. ನಾನು ಹುಬ್ಬೇರಿಸಲಿಲ್ಲ.

ಮುಂದಿನ ಸೆಪ್ಟೆಂಬರಿನಲ್ಲಿ ಎರಡೂ ಕಡೆಯ ಮೃತರಿಗಾಗಿ ಪ್ರಾರ್ಥಿಸಿದೆ. ಪೂಜೆಯ ನಂತರ ಎಂಬತ್ತು ದಾಟಿದ ಹಿರಿಯರೊಬ್ಬರು ನನ್ನನ್ನು ತಡೆದರು. "ಫಾದರ್, ರಜಾಕಾರರು ಮಾಡಿದ್ದು ನೀವು ನೋಡಿಲ್ಲ, ನಾ ನೋಡೀನಿ" ಎಂದರು. ಅವರ ಕಣ್ಣು ತುಂಬಿತ್ತು. ವಾದಿಸಲು ನನಗೆ ಹಕ್ಕಿರಲಿಲ್ಲ. ಸನ್ನತಿಯ 12ನೆಯ ಶಾಸನದಲ್ಲಿ ಅಶೋಕನು ಎಲ್ಲ ಪಂಥದವರೂ ಬಹುಶ್ರುತರಾಗಲಿ, ಪರಸ್ಪರರ ಧರ್ಮವನ್ನು ಕೇಳಲಿ ಎಂದು ಬಯಸಿದ್ದಾನೆ. ನಾನು ಪುಸ್ತಕಗಳನ್ನು ಓದಿದ್ದೆನೇ ಹೊರತು ಈ ಹಿರಿಯರನ್ನು ಕೇಳಿರಲಿಲ್ಲ. ಅಂದು ಮಧ್ಯಾಹ್ನದವರೆಗೆ ಕೂತು ಕೇಳಿದೆ.

ಕೆಲವು ವಾರಗಳ ಮೇಲೆ ಅವರೇ ಬಂದು, ಆ ವರದಿಯಲ್ಲಿ ಏನಿದೆಯೆಂದು ವಿಚಾರಿಸಿದರು. ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ತಮ್ಮ ಪ್ರಾಣ ತೆತ್ತಾದರೂ ಕಾಪಾಡಿದ ಸಂಗತಿಯನ್ನು ಸಮಿತಿಯು ದಾಖಲಿಸಿದೆ. ಆ ಭಾಗವನ್ನು ಕನ್ನಡದಲ್ಲಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಿಂದಿಂದು ಓದ್ರಿ, ಮೊದಲಿನಿಂದ" ಎಂದರು.