ಕಪ್ಪೆಗೆ ಬಂದ ಊರ ಹೆಸರು

ಯಲಹಂಕದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ರಾಜಾನುಕುಂಟೆ ಎಂಬ ಊರು ಸಿಗುತ್ತದೆ. ಅದರ ಸುತ್ತಿನ ಪಾಳುನೆಲದಲ್ಲಿ ದೊರೆತ ಕಪ್ಪೆಯೊಂದಕ್ಕೆ 2020ರಲ್ಲಿ ‘ಸ್ಫೇರೋಥೆಕಾ ಬೆಂಗಳೂರು’ ಎಂದು ನಾಮಕರಣವಾಯಿತು. ಕಪ್ಪೆಯೇನೂ ಹೊಸದಲ್ಲ. ಯಲಹಂಕದ ನಾಡಪ್ರಭುಗಳು ಆಳತೊಡಗುವ ಮುಂಚಿನಿಂದಲೂ ಅದರ ಸಂತತಿ ಆ ನೆಲದಲ್ಲಿ ಬಿಲ ತೋಡಿಕೊಂಡು ಬದುಕಿದ್ದಿರಬೇಕು. ಹಾಗಿದ್ದ ಮೇಲೆ ಇಷ್ಟು ತಡವಾಗಿ ಹೆಸರಿಟ್ಟದ್ದೇಕೆ? ಹೆಸರಿಡುವ ಅಧಿಕಾರ ಯಾರದು? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ಸ್ವಾರಸ್ಯವಾದ ಒಂದು ಚರಿತ್ರೆ ಎದುರಾಗುತ್ತದೆ.

ಜೀವಿಗಳನ್ನು ವರ್ಗಗಳಾಗಿ ವಿಂಗಡಿಸಿ ಹೆಸರಿಸುವುದು ನಮಗೆ ಅಪರಿಚಿತವಾದ ವಿದ್ಯೆಯಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ವನೌಷಧಿವರ್ಗ, ಸಿಂಹಾದಿವರ್ಗ, ವಾರಿವರ್ಗಗಳು ತಿಳಿದೇ ಇವೆ. ಅಮರಸಿಂಹನು ಕಪ್ಪೆಯನ್ನು ಮೀನು ಮೊಸಳೆಗಳೊಡನೆ ವಾರಿವರ್ಗದಲ್ಲಿ ಕೂರಿಸಿದ್ದಾನೆ. ಅಲ್ಲಿ ನೀರೇ ನಂಟು. ಮಂಡೂಕ, ದರ್ದುರ, ಪ್ಲವ ಮೊದಲಾದ ಹೆಸರುಗಳನ್ನೂ ಕೊಟ್ಟಿದ್ದಾನೆ. ಅವುಗಳಲ್ಲಿ ‘ವರ್ಷಾಭೂ’ ಎಂಬುದು, ಎಂದರೆ ಮಳೆಗಾಲದಲ್ಲಿ ಹುಟ್ಟುವುದು, ನನಗೆ ಬಹಳ ಹಿಡಿಸಿದ ಹೆಸರು. ಆದರೆ ಒಂದು ವಸ್ತುವಿಗೆ ಹತ್ತು ಹೆಸರು, ಒಂದು ಹೆಸರಿಗೆ ಹತ್ತು ವಸ್ತು, ಇದು ನಿಘಂಟಿನ ಧರ್ಮ. ‘ಹರಿ’ ಎಂದರೆ ವಿಷ್ಣು, ಸಿಂಹ, ಕುದುರೆ, ಕಪಿ, ಗಿಳಿ, ಹಾವು. ಕೊನೆಗೆ ಕಪ್ಪೆಯೂ ಹೌದು! ಶ್ಲೇಷಕವಿಗೆ ಇದು ಹಬ್ಬ, ಜೀವವಿಜ್ಞಾನಿಗೆ ಸಂಕಟ.

ಈ ಸಂಕಟಕ್ಕೆ ಮದ್ದು ಹುಡುಕಿದವನು ಸ್ವೀಡನ್ ದೇಶದ ಲಿನೀಯಸ್. ಅವನ ಕಾಲದವರೆಗೆ ಯೂರೋಪಿನ ವಿದ್ವಾಂಸರು ಒಂದು ಗಿಡದ ಹೆಸರನ್ನು ಲ್ಯಾಟಿನ್ನಿನಲ್ಲಿ ಒಂದು ಸಾಲಿನಷ್ಟು ಉದ್ದವಾಗಿ ಬರೆಯುವುದೂ ಉಂಟಾಗಿತ್ತು. ಲಿನೀಯಸನು ಎರಡೇ ಪದ ಸಾಕೆಂದ. ಮೊದಲನೆಯದು ಜಾತಿಯನ್ನು, ಅಂದರೆ ಮನೆತನವನ್ನು ಹೇಳುತ್ತದೆ. ಎರಡನೆಯದು ಆ ಮನೆತನದಲ್ಲಿ ಯಾರು ಎಂಬುದನ್ನು, ಅಂದರೆ ಪ್ರಭೇದವನ್ನು ತಿಳಿಸುತ್ತದೆ. ಜಾತಿಗಳು ಸೇರಿ ಕುಟುಂಬ, ಕುಟುಂಬಗಳು ಸೇರಿ ಗಣ, ಗಣಗಳು ಸೇರಿ ವರ್ಗ. ಸಸ್ಯಗಳ ಹೆಸರಿಗೆ ಅವನ 1753ರ ಗ್ರಂಥವೂ ಪ್ರಾಣಿಗಳ ಹೆಸರಿಗೆ 1758ರ ಗ್ರಂಥವೂ ಇಂದಿಗೂ ಆದಿ. ಅದಕ್ಕೆ ಹಿಂದಿನ ಹೆಸರು ಎಷ್ಟೇ ಚೆಂದವಿದ್ದರೂ ಲೆಕ್ಕಕ್ಕಿಲ್ಲ. ಅಲ್ಲಿಂದೀಚೆಗೆ ಒಂದೇ ಜೀವಿಗೆ ಇಬ್ಬರು ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಮೊದಲು ಪ್ರಕಟವಾದುದಕ್ಕೇ ಮನ್ನಣೆ.

ಇಲ್ಲಿ ವ್ಯಾಕರಣದ ಸಂಗತಿಯೊಂದನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಎರಡನೆಯ ಪದವು ವಿಶೇಷಣವಾಗಿದ್ದರೆ, ಸಂಸ್ಕೃತದಲ್ಲಿರುವಂತೆಯೇ, ವಿಶೇಷ್ಯದ ಲಿಂಗವನ್ನು ಅನುಸರಿಸಬೇಕು. ನಮ್ಮ ಹೊಂಗೆಮರವನ್ನು ಲಿನೀಯಸ್ 1753ರಲ್ಲಿ ‘ಸೈಟಿಸಸ್ ಪಿನ್ನೇಟಸ್’ ಎಂದು ಕರೆದ, ಅದು ಪುಲ್ಲಿಂಗ. ಮುಂದೆ ಮರವನ್ನು ‘ಪೊಂಗಾಮಿಯ’ ಎಂಬ ಸ್ತ್ರೀಲಿಂಗದ ಜಾತಿಗೆ ಸೇರಿಸಿದಾಗ ‘ಪಿನ್ನೇಟಸ್’ ಹೋಗಿ ‘ಪಿನ್ನೇಟ’ ಆಯಿತು. ರಾಜಾನುಕುಂಟೆಯ ಕಪ್ಪೆಗೆ ಈ ತೊಡಕಿಲ್ಲ. ‘ಬೆಂಗಳೂರು’ ಎಂಬ ನಾಮಪದವು ಪಕ್ಕದ ನಾಮಪದದೊಡನೆ ಸಮಾನವಾಗಿ ನಿಂತಿದೆ. ಲ್ಯಾಟಿನ್ನಿನ ಪ್ರತ್ಯಯ ಅದಕ್ಕೆ ಅಂಟಿಲ್ಲ. 1922ರಲ್ಲಿ ಜೋಗದ ಕಪ್ಪೆಯೊಂದಕ್ಕೆ ಹೆಸರಿಟ್ಟಾಗ ‘ಮೈಸೋರೆನ್ಸಿಸ್’ ಎಂದು ಮಾಡಬೇಕಾಗಿತ್ತು. 1973ರಲ್ಲಿ ರಾಜ್ಯದ ಹೆಸರು ಬದಲಾದರೂ ಕಪ್ಪೆಯದು ಬದಲಾಗಲಿಲ್ಲ, ಬದಲಾಗುವಂತೆಯೂ ಇಲ್ಲ. ಬೆಂಗಳೂರಿನ ಕಪ್ಪೆ 2014ರ ನವೆಂಬರ್ ಒಂದರ ನಂತರ ನಾಮಕರಣಗೊಂಡದ್ದರಿಂದ ಅದಕ್ಕೆ ಊರಿನ ಕನ್ನಡ ರೂಪವೇ ಸಿಕ್ಕಿತು.

ಈಗ ತಡವಾದುದೇಕೆ ಎಂಬ ಪ್ರಶ್ನೆ. ಇದು ಗಿಡ್ಡ ಮೂತಿಯ, ದಪ್ಪ ಮೈಯ ಕಪ್ಪೆ. ಹಿಂಗಾಲಿನ ಅಡಿಯಲ್ಲಿ ಗುದ್ದಲಿಯಂಥ ಗಟ್ಟಿ ಗಂಟಿದ್ದು, ಅದರಿಂದ ಮಣ್ಣು ಕೆದರಿ ಹಿಮ್ಮುಖವಾಗಿ ಒಳಗಿಳಿಯುತ್ತದೆ. ಬೇಸಗೆಯೆಲ್ಲ ನೆಲದೊಳಗೆ, ಮಳೆ ಬಿದ್ದಾಗ ಹೊರಗೆ. ಅಮರಸಿಂಹನ ವಾರಿವರ್ಗಕ್ಕೆ ಸೇರಿಸಲು ಅನುಮಾನಿಸಬೇಕಾದ ಪ್ರಾಣಿ! ಇದರ ಬಳಗದ ಕಪ್ಪೆಯೊಂದಕ್ಕೆ 1799ರಲ್ಲಿ ಜರ್ಮನಿಯ ಷ್ನೈಡರ್ ಎಂಬಾತ ‘ಬ್ರೆವಿಸೆಪ್ಸ್’, ಅಂದರೆ ಮೋಟುತಲೆಯದು, ಎಂದು ಹೆಸರಿಟ್ಟ. ಈತ ವೃತ್ತಿಯಿಂದ ಭಾಷಾಪಂಡಿತ, ಗ್ರೀಕ್–ಜರ್ಮನ್ ನಿಘಂಟಿನ ಕರ್ತೃ. ಕಪ್ಪೆಗಳ ಶಾಸ್ತ್ರದಲ್ಲಿ ಪಂಡಿತವರ್ಗಕ್ಕೂ ಒಂದು ಪಾಲಿದೆಯೆಂದು ನಾವು ಹೆಮ್ಮೆಪಡಬಹುದು. 1853ರಲ್ಲಿ ಮದರಾಸು ಸೇನೆಯ ವೈದ್ಯ ಜೆರ್ಡನ್ ಇನ್ನೊಂದಕ್ಕೆ ‘ಪ್ಲುವಿಯಾಲಿಸ್’ ಎಂದ. ಮಳೆಯದು ಎಂದು ಅರ್ಥ. ಅಮರನ ವರ್ಷಾಭೂವೇ ಲ್ಯಾಟಿನ್ ಉಡುಪಿನಲ್ಲಿ ಬಂದಂತಾಯಿತು. 1859ರಲ್ಲಿ ಲಂಡನ್ನಿನ ಗುಂಥರ್ ‘ಸ್ಫೇರೋಥೆಕಾ’ ಎಂಬ ಜಾತಿಯನ್ನು ಸ್ಥಾಪಿಸಿದ. ಅದೇ ವರ್ಷ ಡಾರ್ವಿನ್ನನ ಗ್ರಂಥ ಹೊರಬಂದು, ವರ್ಗೀಕರಣಕ್ಕೆ ವಾಸಸ್ಥಾನವೂ ಹೊರರೂಪವೂ ಸಾಲವು, ವಂಶಾವಳಿಯೇ ಆಧಾರವಾಗಬೇಕು ಎಂಬ ದೃಷ್ಟಿ ಬೆಳೆಯಿತು. ಆದರೂ ಬಿಲ ತೋಡುವ ಈ ಕಪ್ಪೆಗಳು ನೋಡಲು ಒಂದರಂತೆ ಒಂದು ಇದ್ದುದರಿಂದ, ಬೇರೆಬೇರೆ ಪ್ರಭೇದಗಳು ಹಳೆಯ ಹೆಸರುಗಳ ಮರೆಯಲ್ಲಿ ಉಳಿದುಕೊಂಡವು.

ಹೆಸರಿಡುವ ಅಧಿಕಾರಕ್ಕೆ ಪದವಿ ಬೇಕಿಲ್ಲ, ಸಾಕ್ಷಿ ಬೇಕು. ಹೆಸರಿಡುವಾಗ ಒಂದು ಪ್ರಾಣಿಯನ್ನು ಮೂಲಮಾದರಿಯಾಗಿ ಗೊತ್ತುಮಾಡಿ, ಸಿಕ್ಕಿದ ಸ್ಥಳವನ್ನು ಬರೆದು, ಸಂಗ್ರಹಾಲಯದಲ್ಲಿ ಕಾಪಾಡಬೇಕು. ಮುಂದೆ ಸಂಶಯ ಬಂದರೆ ತೀರ್ಪು ಅದರದು. 2000ದ ಆರಂಭದಿಂದ ಪ್ರಾಣಿನಾಮಗಳ ಅಂತರರಾಷ್ಟ್ರೀಯ ಸಂಹಿತೆ ಇದನ್ನು ಕಡ್ಡಾಯ ಮಾಡಿದೆ. ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಸೂಜಿ ಚುಚ್ಚಿ ಚೀಟಿ ಅಂಟಿಸಿಟ್ಟ ಕೀಟಗಳು ಇಂಥ ಕೆಲಸದ ಸಲಕರಣೆಗಳೇ.

ಮಾದರಿ ಹೋದರೆ ಆಗುವ ಪಾಡನ್ನು ನಮ್ಮ ಊರೇ ಕಂಡಿದೆ. ಜೋಗದ ಕಪ್ಪೆಗೆ ಹೆಸರಿಟ್ಟವರು ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಸಿ. ಆರ್. ನಾರಾಯಣರಾಯರು, 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. ಕೊಡಗು ಮಲೆನಾಡುಗಳ ಹಲವು ಕಪ್ಪೆಗಳನ್ನು 1920ರಿಂದ 1937ರವರೆಗೆ ವರ್ಣಿಸಿದರು. ಕಾಲೇಜಿನಲ್ಲಿ ಇರಿಸಿದ್ದ ಮಾದರಿಗಳಲ್ಲಿ ಬಹುಪಾಲು ಕಾಲಾಂತರದಲ್ಲಿ ಕಳೆದುಹೋದವು. ಹೆಸರುಗಳು ಗ್ರಂಥದಲ್ಲಿ ಉಳಿದವು. ಯಾವ ಹೆಸರು ಯಾವ ಕಪ್ಪೆಯದು ಎಂಬ ಚರ್ಚೆ ದಶಕಗಟ್ಟಲೆ ನಡೆಯಿತು. ಆಗ ಉಳಿಯುವ ದಾರಿ ಒಂದೇ: ಗ್ರಂಥದಲ್ಲಿ ಬರೆದ ಸ್ಥಳಕ್ಕೆ ಹೋಗಿ ಹುಡುಕುವುದು. 1920ರಲ್ಲಿ ಅವರು ಕೊಡಗಿನಿಂದ ವರ್ಣಿಸಿದ್ದ ರಾತ್ರಿಗಪ್ಪೆಯೊಂದು 91 ವರ್ಷಗಳ ಮೇಲೆ, 2011ರಲ್ಲಿ, ಮತ್ತೆ ಸಿಕ್ಕಿತೆಂದು ವರದಿಯಾಯಿತು. ಕಾಡು ಉಳಿದಿತ್ತು, ಕಪ್ಪೆಯೂ ಉಳಿದಿತ್ತು. 2010ರಲ್ಲಿ ಪೊದೆಗಪ್ಪೆಗಳ ಒಂದು ಜಾತಿಗೆ ರಾಯರ ಸ್ಮರಣಾರ್ಥ ‘ರಾವೋರ್ಕೆಸ್ಟಿಸ್’ ಎಂದು ಹೆಸರಾಯಿತು. ಆ ಲೇಖನ ಅಚ್ಚಾದದ್ದು ಅವರು ಕಟ್ಟಿದ ‘ಕರೆಂಟ್ ಸೈನ್ಸ್’ನಲ್ಲಿಯೇ.

2020ರಲ್ಲಿ ಪಿ. ದೀಪಕ್, ಕೆ. ಪಿ. ದಿನೇಶ್ ಮೊದಲಾದ ಆರು ಮಂದಿ, ಪ್ಯಾರಿಸ್ಸಿನ ವಿದುಷಿಯೊಬ್ಬರೂ ಸೇರಿ, ರಾಜಾನುಕುಂಟೆಯ ಕಪ್ಪೆಯ ಅಂಗಾಂಗಗಳನ್ನು ಅಳೆದು, ವಂಶವಾಹಿಗಳನ್ನು ಬಂಧುಗಳವುಗಳೊಡನೆ ಹೋಲಿಸಿ, ಇದು ಬೇರೆಯೇ ಪ್ರಭೇದವೆಂದು ‘ಜೂಟ್ಯಾಕ್ಸಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ದೊರೆತದ್ದು ಕಾಡಿನಲ್ಲಲ್ಲ, ನಮ್ಮ ಕಂದಾಯದ ಭಾಷೆಯಲ್ಲಿ ಬೀಳು ಎಂದು ಬರೆದುಬಿಡುವಂಥ ನೆಲದಲ್ಲಿ. ಯಲಹಂಕದಿಂದಾಚೆಗೆ ಇಂಥ ನೆಲಗಳು ಒಂದೊಂದಾಗಿ ನಿವೇಶನಗಳಾಗುತ್ತಿವೆ. ನಾಳೆ ಈ ಹೆಸರಿನ ವಿಷಯದಲ್ಲಿ ಸಂಶಯ ಬಂದು, ಮೂಲಸ್ಥಳದ ಕಪ್ಪೆಯನ್ನೇ ನೋಡಬೇಕೆಂದು ಯಾರಾದರೂ ಹೊರಟರೆ, ಅವರು ಬರಬೇಕಾದದ್ದು ಅಲ್ಲಿಗೇ, ಮೊದಲ ಮಳೆ ಬಿದ್ದ ಮೇಲೆ, ಕತ್ತಲಾದ ಹೊತ್ತಿನಲ್ಲಿ.